ಕೆಂಗೇರಿಯೋ, ಹೇರೋಹಳ್ಳಿಯೋ?

ಬಸವೇಶ್ವರನಗರದಲ್ಲಿ ನಾವು ಹನ್ನೊಂದು ವರ್ಷ ಇದ್ದ ಮನೆಯನ್ನು ಕೆಡವುತ್ತಾರಂತೆ. ಮೂವತ್ತು ನಲವತ್ತರ ಸೈಟು, ಕೆಳಗೊಂದು ಮನೆ, ಮೇಲೊಂದು ಮನೆ, ಗೇಟಿನ ಪಕ್ಕ ಒಂದು ಪಾರಿಜಾತ. ಅಷ್ಟೇ ಜಾಗದಲ್ಲಿ ಇನ್ನು ನಾಲ್ಕು ಮಹಡಿ ಏಳಬೇಕು. ಓನರ್ ಅಜ್ಜ ಕೆಟ್ಟವರಲ್ಲ. ಮೂರು ತಿಂಗಳು ಮೊದಲೇ ಮೇಲೆ ಬಂದು, ಕಾಫಿ ಕುಡಿದು, ಲೋಟ ಕೆಳಗಿಟ್ಟ ಮೇಲೆ ವಿಷಯ ಹೇಳಿದರು. ‘ಕಟ್ಟಿದ್ಮೇಲೆ ಮೊದಲ್ನೇ ಮನೆ ನಿಮಗೇ ಕೊಡ್ತೀನಿ ಕಣಮ್ಮಾ’ ಎಂದರು. ಎಷ್ಟಕ್ಕೆ ಅಜ್ಜಾ ಎಂದೆ. ‘ಮೂವತ್ತೆರಡು’ ಎಂದು ಪಾರಿಜಾತದ ಕಡೆ ನೋಡಿದರು. ನಾವು ಕೊಡುತ್ತಿದ್ದದ್ದು ಹದಿನಾರು ಸಾವಿರ.

ಹದಿನೇಳಕ್ಕಿಂತ ಮೇಲೆ ಹೋಗುವುದು ನಮ್ಮಿಂದ ಆಗದ ಮಾತು. ಆ ದುಡ್ಡಿಗೆ ರಾಜಾಜಿನಗರದಲ್ಲಿ ಒಂದು ರೂಮು, ವಿಜಯನಗರದಲ್ಲಿ ಗಾಳಿ ಬೆಳಕಿಲ್ಲದ ಒಂದೂವರೆ ರೂಮು. ಹೀಗಾಗಿ ಪಶ್ಚಿಮದ ಬೆಂಗಳೂರಿನ ಬಾಡಿಗೆದಾರರು ಬಹುಕಾಲದಿಂದ ಮಾಡುತ್ತ ಬಂದದ್ದನ್ನೇ ನಾವೂ ಮಾಡಿದೆವು. ಇನ್ನಷ್ಟು ಪಶ್ಚಿಮಕ್ಕೆ ಸರಿದೆವು. ಹಾಗೆ ಸರಿಯಲು ಇಲ್ಲಿ ಇರುವುದು ಎರಡೇ ಮುಖ್ಯ ದಾರಿ. ಮೈಸೂರು ರಸ್ತೆ ಹಿಡಿದರೆ ಕೆಂಗೇರಿ. ಮಾಗಡಿ ರಸ್ತೆ ಹಿಡಿದರೆ ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿ.

ಮಾಗಡಿ ರಸ್ತೆಯ ಹೆಸರುಗಳನ್ನೇ ಗಮನಿಸಿ. ಒಳಗಿನಿಂದ ಹೊರಟರೆ ಮೊದಲು ಟೋಲ್‌ಗೇಟ್, ಆಮೇಲೆ ಸುಂಕದಕಟ್ಟೆ, ಅದನ್ನೂ ದಾಟಿದರೆ ನೈಸ್ ರಸ್ತೆಯ ಟೋಲ್. ಎರಡು ಕಡೆ ಸುಂಕ ಬರೀ ಹೆಸರಿನಲ್ಲಿ ಉಳಿದಿದೆ, ಮೂರನೆಯ ಕಡೆ ಈಗಲೂ ವಸೂಲಾಗುತ್ತದೆ. ಊರು ಎಲ್ಲಿಗೆ ಮುಗಿಯುತ್ತದೆ ಎಂಬ ಲೆಕ್ಕವನ್ನು ಈ ರಸ್ತೆ ಮೂರು ಸಲವಾದರೂ ತಿದ್ದಿ ಬರೆದಿದೆ.

ಐದು ಭಾನುವಾರ ತಿರುಗಿ ಹದಿನಾಲ್ಕು ಮನೆ ನೋಡಿದೆವು. ಪ್ರಶ್ನೆಗಳು ಎರಡೂ ಕಡೆ ಒಂದೇ. ಎಷ್ಟು ಜನ? ಯಾವ ಊರು? ನಾನ್‌ವೆಜ್ ಮಾಡ್ತೀರಾ? ಕೊನೆಗೆ, ಸ್ವಲ್ಪ ದನಿ ತಗ್ಗಿಸಿ, ‘ನೀವು ಯಾವ ಪೈಕಿ?’ ಈ ಕೊನೆಯ ಪ್ರಶ್ನೆಯ ವಿಷಯದಲ್ಲಿ ಕೆಂಗೇರಿ, ಹೇರೋಹಳ್ಳಿ ಎಂಬ ಭೇದವೇ ಇಲ್ಲ. ಕೇಳಿದ ಮೂರು ಕಡೆಯೂ ಉತ್ತರ ಕೊಡದೆ ಮೆಟ್ಟಿಲಿಳಿದೆವು.

ಕೊನೆಗೆ ಉಳಿದದ್ದು ಎರಡು ಮನೆ. ಕೆಂಗೇರಿ ಉಪನಗರದಲ್ಲಿ ಎರಡನೇ ಮಹಡಿಯದು, ಬಾಡಿಗೆ 16,500. ಹೇರೋಹಳ್ಳಿಯಲ್ಲಿ ಮೊದಲ ಮಹಡಿಯದು, 12,000. ಹಾಲ್ ದೊಡ್ಡದು, ಅಡುಗೆಮನೆಗೆ ಕಿಟಕಿ, ಬಟ್ಟೆ ಒಣಗಲು ಟೆರೇಸು. ನಾಲ್ಕೂವರೆ ಸಾವಿರ ಉಳಿಯುವುದಲ್ಲದೆ ಮನೆಯೂ ದೊಡ್ಡದು. ಯಾರನ್ನು ಕೇಳಿದರೂ ಹೇರೋಹಳ್ಳಿ ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿತ್ತು.

ನಮ್ಮ ಮನೆಯವರಿಗಂತೂ ಪ್ರಶ್ನೆಯೇ ಇರಲಿಲ್ಲ. ಅವರ ಕೆಲಸ ಪೀಣ್ಯ ಎರಡನೇ ಹಂತದ ವರ್ಕ್‌ಶಾಪಿನಲ್ಲಿ. ಹೇರೋಹಳ್ಳಿಯಿಂದ ಹೆಗ್ಗನಹಳ್ಳಿಯ ಒಳರಸ್ತೆ ಹಿಡಿದರೆ ಐದಾರು ಕಿಲೋಮೀಟರ್. ಕೆಂಗೇರಿಯಿಂದಾದರೆ ನಾಗರಬಾವಿ ಸುತ್ತಿ ರಿಂಗ್ ರೋಡ್ ಹಿಡಿಯಬೇಕು, ಹದಿನೇಳು ಹದಿನೆಂಟು ಕಿಲೋಮೀಟರ್. ಅದಕ್ಕೂ ಮೇಲೆ ಇನ್ನೊಂದು ಕಾರಣ ಇತ್ತು, ಬಾಯಿಬಿಟ್ಟು ಹೇಳದ್ದು: ಅವರ ಊರು ಮಾಗಡಿ ತಾಲ್ಲೂಕು. ಶನಿವಾರ ಸಂಜೆ ಮನೆ ಮುಂದಿನ ರಸ್ತೆಗೆ ಬಂದು ಕೈ ಅಡ್ಡ ಹಿಡಿದರೆ ಊರಿನ ಬಸ್ಸು.

ಬೆಂಗಳೂರಿನ ಬಾಡಿಗೆ ಮನೆಗಳ ಬಗ್ಗೆ ಬರೆಯುವವರು ಈ ಸಂಗತಿಯನ್ನು ಯಾಕೆ ಬಿಡುತ್ತಾರೋ ಗೊತ್ತಿಲ್ಲ. ಹಳ್ಳಿಯಿಂದ ಬಂದವರು ಕಚೇರಿಗೆ ಹತ್ತಿರ ಎಂದು ಮಾತ್ರ ಮನೆ ಹಿಡಿಯುವುದಿಲ್ಲ, ಊರಿನ ದಾರಿಯ ಬಾಯಲ್ಲಿ ಹಿಡಿಯುತ್ತಾರೆ. ಮಂಡ್ಯ, ರಾಮನಗರ, ಚನ್ನಪಟ್ಟಣದವರು ಮೈಸೂರು ರಸ್ತೆಯ ಎಡಬಲ. ಮಾಗಡಿಯವರು ಮಾಗಡಿ ರಸ್ತೆ. ತುಮಕೂರಿನವರು ದಾಸರಹಳ್ಳಿ, ಪೀಣ್ಯ. ನಾನು ಮದ್ದೂರಿನವಳು. ಕೆಂಗೇರಿ ಸ್ಟೇಷನ್ನಿನಲ್ಲಿ ಮೈಸೂರಿನ ಕಡೆಯ ಪ್ಯಾಸೆಂಜರ್ ಹತ್ತಿದರೆ ಹೆಜ್ಜಾಲ, ಬಿಡದಿ, ರಾಮನಗರ, ಚನ್ನಪಟ್ಟಣ, ಆಮೇಲೆ ನನ್ನ ತವರು. ಈ ಹಳಿ ಬಿದ್ದದ್ದು 1880ರ ದಶಕದ ಆರಂಭದಲ್ಲಿ. ಕೆಂಗೇರಿಯಲ್ಲಿ ಮಂಡ್ಯದ ಮಾತು ಅಷ್ಟು ಸಲೀಸಾಗಿ ಕೇಳಿಬರುವುದಕ್ಕೆ ಆ ಹಳಿಯದ್ದೂ ಒಂದು ಪಾಲು ಇರಬೇಕು. ಆದ್ದರಿಂದ ನಮ್ಮಿಬ್ಬರ ನಡುವೆ ನಡೆದ ಕೆಂಗೇರಿ-ಹೇರೋಹಳ್ಳಿ ವಾದದೊಳಗೆ ಗಂಡನ ಮನೆ, ತವರುಮನೆಯ ಹಳೇ ವಾದವೂ ಕೂತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನೀರಿಗೆ ಬರೋಣ. ಬಾಡಿಗೆ ಮನೆ ನೋಡಲು ಹೋದಾಗ ನಾನು ಮೊದಲು ನೋಡುವುದು ನಲ್ಲಿಯ ಬಾಯಿ. ಹೇರೋಹಳ್ಳಿಯ ಮನೆಯ ಬಚ್ಚಲಿನಲ್ಲಿ ನಲ್ಲಿಯ ಸುತ್ತ ಸುಣ್ಣದಂತಹ ಬಿಳಿ ಪೊರೆ ಕಟ್ಟಿತ್ತು. ಉಗುರಿನಿಂದ ಕೆರೆದರೆ ಹಕ್ಕಳೆಯಂತೆ ಎದ್ದು ಬಂತು. ಬೋರ್‌ವೆಲ್ ನೀರು, ಅದೂ ಗಡಸು ನೀರು. ಈ ನೀರಿನಲ್ಲಿ ಬೇಳೆ ಬೇಯಲು ಇನ್ನೆರಡು ಕೂಗು ಬೇಕು, ಸೋಪು ನೊರೆಯೇಳುವುದಿಲ್ಲ, ಗೀಸರಿನ ಕಾಯಿಲ್ ಬೇಗ ಹೋಗುತ್ತದೆ.

‘ಕಾವೇರಿ ಇದೆಯಾ?’

‘ಕನೆಕ್ಷನ್ ಆಗಿದೆ ಮೇಡಂ.’

‘ಬರುತ್ತಾ?’

‘ಬರುತ್ತೆ.’

‘ಎಷ್ಟು ದಿನಕ್ಕೊಮ್ಮೆ?’

‘ಬಿಟ್ಟಾಗ ಬರುತ್ತೆ.’

ಸಂಪಿನ ಮುಚ್ಚಳ ಎತ್ತಿಸಿ ನೋಡಿದೆ. ಮೊಣಕಾಲುದ್ದ ನೀರು, ತಳದಲ್ಲಿ ಕೆಂಪು ಮಣ್ಣು, ಗೋಡೆಯ ಮೇಲೆ ನೀರು ಹಿಂದೆ ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂದು ತೋರಿಸುವ ಗೆರೆ. ಆ ಗೆರೆಗೂ ಈಗಿನ ಮಟ್ಟಕ್ಕೂ ಮೂರಡಿ ಅಂತರ. ಮನೆಯ ಓನರ್ ಹೇಳದೆ ಬಿಟ್ಟದ್ದನ್ನೆಲ್ಲ ಆ ಗೆರೆ ಹೇಳಿತು.

ಇದರ ಹಿಂದಿನ ಕತೆ ಹದಿನೆಂಟು ಹತ್ತೊಂಬತ್ತು ವರ್ಷ ಹಳೆಯದು. 2007ರಲ್ಲಿ ಬಿಬಿಎಂಪಿ ಆದಾಗ ಹಳೇ ಮಹಾನಗರಪಾಲಿಕೆಯ ಜೊತೆಗೆ ಏಳು ನಗರಸಭೆ, ಒಂದೇ ಒಂದು ಪುರಸಭೆ, 110 ಹಳ್ಳಿ ಸೇರಿದವು. ಆ ಒಂದು ಪುರಸಭೆ ಕೆಂಗೇರಿ. ಹೇರೋಹಳ್ಳಿ ಬಂದದ್ದು 110 ಹಳ್ಳಿಗಳ ಪೈಕಿ. ಪುರಸಭೆ ಎಂಬ ಹಣೆಪಟ್ಟಿ ಇದ್ದದ್ದರಿಂದ ಕಾವೇರಿ ಕೊಳವೆಯ ಸರದಿ ಕೆಂಗೇರಿಗೆ ಮೊದಲು ಬಂತು. 110 ಹಳ್ಳಿಗಳ ಸರದಿ ಕಾವೇರಿ 5ನೇ ಹಂತದವರೆಗೆ ಕಾಯಿತು. ದಿನಕ್ಕೆ 77.5 ಕೋಟಿ ಲೀಟರಿನ ಆ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ನಮ್ಮೂರಿನ ಪಕ್ಕದ ತಾಲ್ಲೂಕಿನಿಂದ ಹತ್ತಿ ಬಂದ ನೀರು ಹೇರೋಹಳ್ಳಿಯ ಆ ಸಂಪಿಗೆ ಎಷ್ಟು ದಿನಕ್ಕೊಮ್ಮೆ ಇಳಿಯುತ್ತದೆ ಎಂದು ಓನರಿಗಿಂತ ಪಕ್ಕದ ಮನೆಯ ಬಾಡಿಗೆದಾರರನ್ನು ಕೇಳುವುದು ವಾಸಿ. ಕೇಳಿದೆ. ಬೇಸಗೆಯಲ್ಲಿ ತಿಂಗಳಿಗೆ ಮೂರು ಟ್ಯಾಂಕರ್, ನಾಲ್ಕು ಮನೆಯವರು ಹಂಚಿಕೊಳ್ಳುತ್ತೇವೆ ಎಂದರು ಆಕೆ.

2024ರ ಮಾರ್ಚ್ ಯಾರಿಗೆ ಮರೆತಿದೆ? ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳತೊಡಗಿದಾಗ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ದಂಡ. ನಮಗೆ ಕಾರಿಲ್ಲ, ಆ ಚಿಂತೆ ಇರಲಿಲ್ಲ.

ಕೆಂಗೇರಿಯಲ್ಲಿ ನೀರಿನ ಕಷ್ಟವೇ ಇಲ್ಲ ಎಂದುಕೊಳ್ಳಬೇಡಿ, ಅಲ್ಲಿಯದು ಬೇರೆ ಬಗೆ. ಅಲ್ಲಿ ನಾವು ನೋಡಿದ ಮೊದಲ ಮನೆ 14,000ಕ್ಕೇ ಸಿಗುತ್ತಿತ್ತು, ಕಾವೇರಿ ದಿನ ಬಿಟ್ಟು ದಿನ. ಒಳಗೆ ಹೋದರೆ ಒಂದು ಕಡೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಚಿಲಕಕ್ಕೆ ಪೇಂಟ್ ಹತ್ತಿ ಗಟ್ಟಿಯಾಗಿತ್ತು. ಎಂದರೆ ಪೇಂಟ್ ಹೊಡೆದ ಮೇಲೆ ಒಮ್ಮೆಯೂ ತೆರೆದಿಲ್ಲ. ಮಗಳು ಗುದ್ದಿ ತೆರೆದಳು. ವೃಷಭಾವತಿ! ‘ಗಾಳಿ ಆ ಕಡೆಯಿಂದ ಬಂದ್ರೆ ಸ್ವಲ್ಪ ವಾಸ್ನೆ, ಅಷ್ಟೇ’ ಎಂದರು ತೋರಿಸಲು ಬಂದವರು. ಬಸವನಗುಡಿಯ ದೊಡ್ಡಬಸವಣ್ಣನ ಪಾದದ ಬಳಿ ಹುಟ್ಟಿದಳೆಂದು ಪೂಜೆಗೊಳ್ಳುವ ನದಿ ಮೈಸೂರು ರಸ್ತೆಯ ಪಕ್ಕ ಬರುವ ಹೊತ್ತಿಗೆ ಅರ್ಧ ಊರಿನ ಚರಂಡಿ ಹೊತ್ತಿರುತ್ತಾಳೆ. ಕೆಂಗೇರಿಯಲ್ಲಿ ಮನೆ ನೋಡುವವರು ಸಂಜೆ ಏಳಕ್ಕೆ ಹೋಗಿ ಕಿಟಕಿ ತೆರೆದು ನಿಂತುಕೊಳ್ಳಲಿ. ನದಿಯಿಂದ ದೂರ, ಉಪನಗರದ ಒಳಗೆ ಬಂದರೆ ಬಾಡಿಗೆ ಎರಡೂವರೆ ಸಾವಿರ ಹೆಚ್ಚು. ಅದು ಮೂಗಿಗೆ ಕೊಡುವ ಬಾಡಿಗೆ.

ಇನ್ನು ಮೆಟ್ರೊ. ಹೇರೋಹಳ್ಳಿಯ ಬ್ರೋಕರ್ ಮೂರು ಸಲ ಹೇಳಿದ ಮಾತು, ‘ಮೆಟ್ರೊ ಬರ್ತಾ ಇದೆ ಮೇಡಂ, ಇಲ್ಲೇ ಸ್ಟೇಷನ್.’ ಸುಳ್ಳಲ್ಲ. ಮೂರನೇ ಹಂತಕ್ಕೆ ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್ 16ರಂದು ಒಪ್ಪಿಗೆ ಕೊಟ್ಟಿತು: ಒಟ್ಟು 44.65 ಕಿಲೋಮೀಟರ್, 31 ನಿಲ್ದಾಣ, 15,611 ಕೋಟಿ ರೂಪಾಯಿ. ಅದರಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ ಮಾಗಡಿ ರಸ್ತೆಯ ಮೇಲೆ ಹನ್ನೆರಡೂವರೆ ಕಿಲೋಮೀಟರ್, ಒಂಬತ್ತು ನಿಲ್ದಾಣ. ಹೇರೋಹಳ್ಳಿಯೂ ಒಂದು. ಇನ್ನೊಬ್ಬ ಬ್ರೋಕರ್ ಒಂದು ಹೆಜ್ಜೆ ಮುಂದೆ ಹೋಗಿ, ‘ಮಾಗಡಿ ರೋಡ್ ಮೆಟ್ರೊ ಆಗ್ಲೇ ಇದೆಯಲ್ಲ’ ಎಂದರು. ಇದೆ, ಆ ಹೆಸರಿನ ನಿಲ್ದಾಣ 2015ರಿಂದಲೇ ಇದೆ. ಅದಿರುವುದು ಈ ರಸ್ತೆಯ ಆ ತುದಿಯಲ್ಲಿ, ಹೊಸಹಳ್ಳಿಯನ್ನೂ ದಾಟಿ ಮೆಜೆಸ್ಟಿಕ್ ಕಡೆಗೆ.

ಬರುತ್ತದೆ ಎಂದರೆ ಯಾವಾಗ? ಅಳತೆಗೋಲು ಕೆಂಗೇರಿಯಲ್ಲೇ ಇದೆ. ನೇರಳೆ ಮಾರ್ಗ ಮೈಸೂರು ರಸ್ತೆ ನಿಲ್ದಾಣ ಮುಟ್ಟಿದ್ದು 2015ರ ನವೆಂಬರಿನಲ್ಲಿ. ಅಲ್ಲಿಂದ ಕೆಂಗೇರಿಗೆ ಏಳೂವರೆ ಕಿಲೋಮೀಟರ್, ಆರು ನಿಲ್ದಾಣ. ಎರಡನೇ ಹಂತಕ್ಕೆ ಕೇಂದ್ರದ ಒಪ್ಪಿಗೆ 2014ರ ಆರಂಭದಲ್ಲಿ ಸಿಕ್ಕಿತ್ತು. ರೈಲು ಕೆಂಗೇರಿಗೆ ಬಂದದ್ದು 2021ರ ಆಗಸ್ಟ್ ಕೊನೆಗೆ. ಮುಂದಿನ ಒಂದೇ ಒಂದು ನಿಲ್ದಾಣ ಚಲ್ಲಘಟ್ಟಕ್ಕೆ ಹೋದದ್ದು 2023ರ ಅಕ್ಟೋಬರ್ 9ಕ್ಕೆ. ಒಪ್ಪಿಗೆಯಿಂದ ರೈಲಿಗೆ ಏಳು ವರ್ಷ. ಅದೇ ಏಳನ್ನು 2024ಕ್ಕೆ ಕೂಡಿಸಿದರೆ 2031. ನನ್ನ ಮಗಳು ಈಗ ಪಿಯುಸಿ. ಆ ರೈಲು ಹೇರೋಹಳ್ಳಿಗೆ ಬರುವಾಗ ಅವಳು ಡಿಗ್ರಿ ಮುಗಿಸಿ ಕೆಲಸದಲ್ಲಿರುತ್ತಾಳೆ. ನಾವು ಆ ಮನೆಯಲ್ಲಿರುತ್ತೇವೆಯೇ? ಹನ್ನೊಂದು ತಿಂಗಳ ಕರಾರಿನವರು ನಾವು.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಬರಲಿರುವ ಮೆಟ್ರೊ ಸೈಟು ಇದ್ದವರಿಗೆ ಲಾಭ. ಬಾಡಿಗೆದಾರರಿಗೆ ಅದರಿಂದ ಸಿಗುವುದು ಮೊದಲು ರಸ್ತೆ ಅಗೆತ, ಬ್ಯಾರಿಕೇಡು, ಧೂಳು. ಕೊನೆಗೆ ರೈಲು ಬಂದ ತಿಂಗಳೇ ಬಾಡಿಗೆ ಏರಿಕೆ. ಮಾಗಡಿ ರಸ್ತೆಯಲ್ಲಂತೂ ಮೆಟ್ರೊ ಜೊತೆಗೆ ಎರಡಂತಸ್ತಿನ ಮೇಲ್ಸೇತುವೆಯ ಯೋಜನೆಯೂ ಇದೆ. ಕಟ್ಟುವಷ್ಟು ವರ್ಷ ಕೆಳಗಿನ ರಸ್ತೆ ಏನಾಗಿರುತ್ತದೆ ಎಂದು ಸುಮನಹಳ್ಳಿ ಜಂಕ್ಷನ್ನಿನಲ್ಲಿ ಈಗಲೇ ನಿಲ್ಲುವವರು ಊಹಿಸಬಲ್ಲರು. ಅಲ್ಲಿನ ಫ್ಲೈಓವರ್ 2019ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ತೂತು ಬಿದ್ದು ಸುದ್ದಿಯಾಗಿತ್ತು.

ಕೆಂಗೇರಿಯ ಮೆಟ್ರೊ ಈಗಲೇ ಇದೆ, ಸರಿ. ಆದರೆ ಅದು ಅಗ್ಗವಲ್ಲ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ನಾನು, ಮಗಳು ಇಬ್ಬರೂ ದಿನಾ ಹತ್ತಿದರೆ ತಿಂಗಳಿಗೆ ನಾಲ್ಕು ಸಾವಿರದ ಮೇಲೆ. ಹೇರೋಹಳ್ಳಿಯಲ್ಲಾದರೆ ಬಿಎಂಟಿಸಿ, ಅದೂ ಇಬ್ಬರಿಗೂ ಉಚಿತ. 2023ರ ಜೂನ್ 11ರಿಂದ ಹೆಂಗಸರಿಗೆ ಶಕ್ತಿ ಯೋಜನೆ ಇದೆಯಲ್ಲ. ಮೆಟ್ರೊಗೆ ಅದು ಅನ್ವಯಿಸುವುದಿಲ್ಲ. ಮನೆಯವರು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ತೋರಿಸಿದರು: ಬಾಡಿಗೆಯಲ್ಲಿ ನಾಲ್ಕೂವರೆ, ಟಿಕೆಟಿನಲ್ಲಿ ನಾಲ್ಕು, ಪೆಟ್ರೋಲಿನಲ್ಲಿ ಎರಡು. ಒಟ್ಟು ತಿಂಗಳಿಗೆ ಹತ್ತೂವರೆ ಸಾವಿರ ಉಳಿತಾಯ. ಟ್ಯಾಂಕರಿಗೆ, ಕುಡಿಯುವ ನೀರಿನ ಕ್ಯಾನಿಗೆ ಒಂದೂವರೆ ಕಳೆಯಿರಿ ಎಂದೆ. ಕಳೆದರು. ಒಂಬತ್ತು ಉಳಿಯಿತು.

ಲೆಕ್ಕ ತಪ್ಪಿರಲಿಲ್ಲ, ಆದರೆ ಅದರಲ್ಲಿ ಹೊತ್ತು ಇರಲಿಲ್ಲ. ಹಾಗಾಗಿ ಒಂದು ಸೋಮವಾರ ರಜೆ ಹಾಕದೆ, ಬೆಳಿಗ್ಗೆಯೇ ಹೇರೋಹಳ್ಳಿಗೆ ಹೋಗಿ ಅಲ್ಲಿಂದ ಕಚೇರಿಗೆ ಹೊರಟೆ. ನನ್ನ ಕೆಲಸ ವಿಧಾನಸೌಧದ ಹತ್ತಿರ. ಎಂಟೂ ಹತ್ತಕ್ಕೆ ಸ್ಟಾಪಿನಲ್ಲಿ ನಿಂತೆ. ಮೊದಲ ಬಸ್ಸಿಗೆ ಕಾಲಿಡಲು ಜಾಗವಿಲ್ಲ, ಎರಡನೆಯದರಲ್ಲಿ ಮೆಟ್ಟಿಲ ಮೇಲೆ ನಿಂತೆ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಟಿಫನ್ ಬ್ಯಾಗು ಎದೆಗವಚಿಕೊಂಡು ಒಬ್ಬರ ಭುಜದ ಮೇಲೊಬ್ಬರು ಒರಗಿ ನಿಂತೇ ನಿದ್ದೆ ಮಾಡುತ್ತಿದ್ದರು. ಸುಂಕದಕಟ್ಟೆ ದಾಟಲು ಒಂದು ಹೊತ್ತು, ಸುಮನಹಳ್ಳಿಯಲ್ಲಿ ಇನ್ನೊಂದು ಹೊತ್ತು, ಕಾಮಾಕ್ಷಿಪಾಳ್ಯದಲ್ಲಿ ಮಗದೊಂದು. ಟೋಲ್‌ಗೇಟ್ ಬಂದಾಗ ಒಂಬತ್ತು ದಾಟಿತ್ತು. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಕಚೇರಿಯ ಮೆಟ್ಟಿಲು ಹತ್ತಿದಾಗ ಹತ್ತಕ್ಕೆ ಹತ್ತು ನಿಮಿಷ. ನೂರು ನಿಮಿಷ.

ಮಂಗಳವಾರ ಕೆಂಗೇರಿಯಿಂದ. ಆ ಮನೆಯ ಗೇಟಿನಿಂದ ಬಸ್ ಟರ್ಮಿನಲ್ ಮೆಟ್ರೊಗೆ ನಡಿಗೆ ಹದಿನಾಲ್ಕು ನಿಮಿಷ. ರೈಲು ಚಲ್ಲಘಟ್ಟದಿಂದ ಹೊರಡುವುದರಿಂದ ಕೂರಲು ಜಾಗ ಸಿಕ್ಕಿತು. ವಿಜಯನಗರ, ಹೊಸಹಳ್ಳಿಯಲ್ಲಿ ಹತ್ತಿದವರು ನನ್ನ ತಲೆಯ ಮೇಲೆ ನಿಂತರು, ನಾನು ಕೂತೇ ಇದ್ದೆ. ಒಟ್ಟು ಐವತ್ತೈದು ನಿಮಿಷ. ಅದರಲ್ಲಿ ಅರ್ಧ ಗಂಟೆ ಓದಿದೆ.

ಹೋಗಿಬರಲು ದಿನಕ್ಕೆ ಒಂದೂವರೆ ಗಂಟೆ ವ್ಯತ್ಯಾಸ. ರಾತ್ರಿ ನೋಟ್‌ಬುಕ್ ತೆಗೆದು ಮನೆಯವರ ಮುಂದಿಟ್ಟೆ. ‘ರೀ, ನನ್ನ ಟಿಕೆಟ್ ಫ್ರೀ ಅಂತ ನನ್ನ ಹೊತ್ತನ್ನೂ ಫ್ರೀ ಅಂದ್ಕೊಂಡ್ರಾ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೆಂಗೇರಿಗೆ ಹೋದ್ರೆ ನನ್ನ ಹೊತ್ತು ಹೋಗುತ್ತಲ್ಲ’ ಎಂದರು. ಅದೂ ನಿಜ. ಅಗ್ಗದ ಬಡಾವಣೆ ಎಂದರೆ ಅಷ್ಟೇ. ಉಳಿದ ಬಾಡಿಗೆಯನ್ನು ಮನೆಯಲ್ಲಿ ಯಾರೋ ಒಬ್ಬರು ರಸ್ತೆಯ ಮೇಲೆ ಕಟ್ಟುತ್ತಾರೆ. ಯಾರು ಕಟ್ಟಬೇಕು ಎಂದು ಮಾತಾಡಿ ತೀರ್ಮಾನಿಸುವ ಮನೆಗಳು ಕಡಿಮೆ. ಸಾಮಾನ್ಯವಾಗಿ ಬೆಳಿಗ್ಗೆ ಐದಕ್ಕೆ ಏಳುವವರ ತಲೆಗೇ ಅದು ಬರುತ್ತದೆ.

ಮಿಕ್ಕ ಎರಡು ಮಾತು ಬೇಗ ಹೇಳಿಬಿಡುತ್ತೇನೆ. ಕರೆಂಟು: ಮನೆಗೆ ಪ್ರತ್ಯೇಕ ಮೀಟರು, ಆರ್‌ಆರ್ ನಂಬರ್ ಇದೆಯೇ ನೋಡಿ. ಒಂದೇ ಮೀಟರಿಗೆ ಸಬ್ ಮೀಟರ್ ಹಾಕಿ ಯೂನಿಟ್ಟಿಗಿಷ್ಟು ಎಂದು ವಸೂಲು ಮಾಡುವ ಕಡೆ ಗೃಹಜ್ಯೋತಿ ನಿಮ್ಮ ಹೆಸರಿಗೆ ಸಿಗುವುದಿಲ್ಲ. ಪ್ರತ್ಯೇಕ ಮೀಟರಿದ್ದರೂ ಹಳೇ ಬಾಡಿಗೆದಾರರ ಆಧಾರ್ ಡಿ-ಲಿಂಕ್ ಆಗಿದೆಯೇ ಕೇಳಿ. ಅಡ್ವಾನ್ಸು: ಹೇರೋಹಳ್ಳಿಯವರು ಒಂದು ಲಕ್ಷ ಇಪ್ಪತ್ತು ಸಾವಿರ ಕೇಳಿದರು, ಎಂದರೆ ಹಳೇ ಪದ್ಧತಿಯ ಹತ್ತು ತಿಂಗಳದ್ದು. ಕೆಂಗೇರಿಯವರು ಒಂದು ಲಕ್ಷಕ್ಕೆ ಒಪ್ಪಿದರು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಬೇಡ ಎನ್ನುವ ಮಾದರಿ ಬಾಡಿಗೆ ಕಾಯ್ದೆಯನ್ನು ಕೇಂದ್ರ 2021ರಲ್ಲೇ ಒಪ್ಪಿದೆ. ನಾವು ನೋಡಿದ ಹದಿನಾಲ್ಕು ಓನರುಗಳಲ್ಲಿ ಒಬ್ಬರೂ ಆ ಮಾತು ಕೇಳಿರಲಿಲ್ಲ. ನಮ್ಮದೇ 1999ರ ಬಾಡಿಗೆ ಕಾಯ್ದೆಯ ರಕ್ಷಣೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಇಲ್ಲ. 3,500ಕ್ಕೆ ಇವತ್ತು ಪೀಣ್ಯದಲ್ಲಿ ಮೂರು ಜನ ಹಂಚಿಕೊಂಡ ರೂಮಿನ ಒಂದು ಮಂಚ ಸಿಗಬಹುದು. ಹಾಗಾಗಿ ಕೈಯಲ್ಲಿರುವ ಕರಾರು ಪತ್ರವೇ ಕಾನೂನು. ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಅಂಕಿಯಲ್ಲೇ ಬರೆಸಿಕೊಳ್ಳಿ.

ನಾವು ಕೆಂಗೇರಿಯ ಮನೆ ಹಿಡಿದೆವು. ಮನೆಯವರು ಈಗ ಬೆಳಿಗ್ಗೆ ನಲವತ್ತು ನಿಮಿಷ ಮೊದಲು ಹೊರಡುತ್ತಾರೆ, ಹೊರಡುವಾಗ ಆ ನಲವತ್ತನ್ನು ಗಟ್ಟಿಯಾಗಿ ಹೇಳಿಯೇ ಹೊರಡುತ್ತಾರೆ. ಮಾಗಡಿಗೆ ಹೋಗಬೇಕಾದರೆ ನೈಸ್ ರಸ್ತೆಗೆ ಟೋಲ್ ಕಟ್ಟಿ ಆ ಕಡೆಗೆ ಹೋಗುತ್ತೇವೆ. ಅವರ ಕೆಲಸ ನನ್ನ ಕೆಲಸಕ್ಕಿಂತ ಹೆಚ್ಚು ಸಂಬಳದ್ದಾಗಿದ್ದರೆ, ಅಥವಾ ನಾನೂ ಪೀಣ್ಯದಲ್ಲೇ ದುಡಿಯುತ್ತಿದ್ದರೆ ಹೇರೋಹಳ್ಳಿಯ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ, ಟ್ಯಾಂಕರಿಗೆ ಕಾಯುತ್ತಲೂ ಇರುತ್ತಿದ್ದೆ. ಪೀಣ್ಯ, ಕಾಮಾಕ್ಷಿಪಾಳ್ಯದಲ್ಲಿ ದುಡಿಯುವವರಿಗೆ ಇವತ್ತಿಗೂ ಮಾಗಡಿ ರಸ್ತೆಯೇ ಸರಿ. ಮೆಜೆಸ್ಟಿಕ್ ದಾಟಿ ಹೋಗಬೇಕಾದವರಿಗೆ ಅಲ್ಲ.

ನೀವು ಈ ಪುರವಣಿ ಓದುತ್ತಿರುವುದು ಭಾನುವಾರ. ಬ್ರೋಕರುಗಳು ಮನೆ ತೋರಿಸಲು ಕರೆಯುವುದೂ ಭಾನುವಾರವೇ. ರಸ್ತೆ ಖಾಲಿ, ಹೇರೋಹಳ್ಳಿಯಿಂದ ಮೆಜೆಸ್ಟಿಕ್ ಮೂವತ್ತು ನಿಮಿಷ. ಇವತ್ತು ಹೋಗಬೇಡಿ. ನಾಳೆ ಬೆಳಿಗ್ಗೆ ಎಂಟಕ್ಕೆ, ಟಿಫನ್ ಬ್ಯಾಗು ಹಿಡಿದುಕೊಂಡು ಹೋಗಿ.